ನಡುಬೆಲೆಯ ಫೋನಿನ ಗುಣಪರೀಕ್ಷೆ

(ಬಾನುಲಿ ಭಾಷಣದ ಪಠ್ಯ)

ಪುಸ್ತಕವನ್ನು ವಿಮರ್ಶಿಸುವುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಪರಂಪರೆಯೇ ಇದೆ. ಸಂಗೀತ ಕಛೇರಿಯನ್ನು ಕೇಳಿ ಬಂದವರು ರಾಗ ಹೇಗಿತ್ತು, ತಾಳ ಹೇಗಿತ್ತು ಎಂದು ದಾರಿಯುದ್ದಕ್ಕೂ ಚರ್ಚಿಸುತ್ತಾರೆ. ನೂರು ರೂಪಾಯಿಯ ಕಾದಂಬರಿಯೊಂದನ್ನು ಕೊಳ್ಳುವ ಮುನ್ನ ಹತ್ತು ಜನರ ಅಭಿಪ್ರಾಯ ಕೇಳುವ ನಾವು, ಇಪ್ಪತ್ತು ಸಾವಿರ ರೂಪಾಯಿ ತೆತ್ತು, ದಿನಕ್ಕೆ ಹತ್ತಾರು ಬಾರಿ ಕೈಗೆತ್ತಿಕೊಳ್ಳುವ ಫೋನನ್ನು ಮಾತ್ರ ಅಂಗಡಿಯ ಹುಡುಗನ ಮಾತಿನ ಮೇಲೆ ಕೊಂಡುಬಿಡುತ್ತೇವೆ. ಅವನು ಹೇಳುವುದೆಲ್ಲ ಅಂಕಿಗಳು. ಇಷ್ಟು ಮೆಗಾಪಿಕ್ಸೆಲ್, ಇಷ್ಟು ಜಿಬಿ, ಇಷ್ಟು ವ್ಯಾಟ್. ಆ ಅಂಕಿಗಳ ಅರ್ಥ ಅವನಿಗೂ ಪೂರ್ತಿ ತಿಳಿಯದು, ನಮಗೂ ತಿಳಿಯದು. ಹೀಗಿರುವಾಗ ವಸ್ತುವಿಗೂ ಒಂದು ವಿಮರ್ಶೆ ಬೇಡವೆ? ಗುಣವೆಂದರೇನು, ದೋಷವೆಂದರೇನು, ಕೊಟ್ಟ ಹಣಕ್ಕೆ ಬಂದ ಫಲವೆಂದರೇನು ಎಂದು ನಿಧಾನವಾಗಿ ಕೇಳಿಕೊಳ್ಳಬಾರದೆ? ಈ ಹೊತ್ತು ನಾನು ನಿಮ್ಮ ಮುಂದೆ ಮಾಡಹೊರಟಿರುವುದು ಅಂಥದೊಂದು ಸಣ್ಣ ಪ್ರಯತ್ನ.

ನಾನು ಎತ್ತಿಕೊಂಡಿರುವುದು ನಡುಬೆಲೆಯ ಫೋನನ್ನು. ಅದಕ್ಕೆ ಕಾರಣ ಉಂಟು. ತೀರ ಅಗ್ಗದ ವಸ್ತುವಿನಲ್ಲಿ ಕೊರತೆ ಇರುವುದು ಸಹಜ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ತೀರ ದುಬಾರಿಯ ವಸ್ತುವಿನಲ್ಲಿ ಎಲ್ಲವೂ ಇರುತ್ತದೆ, ಇರಲೇಬೇಕು. ತಯಾರಕನ ವಿವೇಕಕ್ಕೆ ನಿಜವಾದ ಪರೀಕ್ಷೆ ಇರುವುದು ಇವೆರಡರ ನಡುವೆ. ಇಲ್ಲಿ ಹಣಕ್ಕೆ ಮಿತಿ ಇದೆ. ಒಂದಕ್ಕೆ ಧಾರಾಳವಾಗಿ ವ್ಯಯಿಸಿದರೆ ಮತ್ತೊಂದರಲ್ಲಿ ಕೈ ಹಿಡಿಯಬೇಕು. ನಮ್ಮ ಮಧ್ಯಮವರ್ಗದ ಮನೆಯ ಮದುವೆಯಂತೆಯೇ ಇದೂ. ಚಪ್ಪರಕ್ಕೆ ಎಷ್ಟು, ಊಟಕ್ಕೆ ಎಷ್ಟು, ವಾಲಗಕ್ಕೆ ಎಷ್ಟು ಎಂದು ತೂಗಿ ನೋಡುವ ಯಜಮಾನ ಬಂದವರ ಹೊಟ್ಟೆಯನ್ನು ಮೊದಲು ನೆನೆಯುತ್ತಾನೆಯೋ ಅಥವಾ ಬಾಗಿಲ ದೀಪಾಲಂಕಾರವನ್ನೋ ಎಂಬುದರಲ್ಲಿ ಅವನ ಸ್ವಭಾವ ಬಯಲಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವನ್ನು ಔಚಿತ್ಯದಲ್ಲಿ ಕಂಡು, ಅದಕ್ಕಾಗಿಯೇ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥವನ್ನು ರಚಿಸಿದನು. ಯಾವುದು ಎಲ್ಲಿರಬೇಕೋ ಅಲ್ಲಿ, ಎಷ್ಟಿರಬೇಕೋ ಅಷ್ಟು ಇರುವುದು ಔಚಿತ್ಯ. ಕಾವ್ಯಕ್ಕೆ ಒಪ್ಪುವ ಈ ಒರೆಗಲ್ಲು ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ಒಪ್ಪುತ್ತದೆಯೆಂದು ನನ್ನ ಅಭಿಮತ.

ಉದಾಹರಣೆಗೆ ಯಾವ ಫೋನನ್ನು ಆರಿಸಿಕೊಳ್ಳುವುದು? ಇವತ್ತು ಮಾರುಕಟ್ಟೆಗೆ ಬಂದದ್ದನ್ನು ಎತ್ತಿಕೊಂಡರೆ ಅದರ ಸುತ್ತ ಜಾಹೀರಾತಿನ ಧೂಳು ಇನ್ನೂ ಆಡುತ್ತಿರುತ್ತದೆ. ಅದರ ಬಾಳ್ವೆ ಎಂಥದು ಎಂಬುದು ಮೂರು ನಾಲ್ಕು ವರ್ಷ ಕಳೆದ ಮೇಲಲ್ಲದೆ ತಿಳಿಯುವುದಿಲ್ಲ. ಆದಕಾರಣ ಹುಟ್ಟು, ಏಳಿಗೆ, ಅವಸಾನ ಮೂರನ್ನೂ ಕಂಡು ಮುಗಿಸಿರುವ ಒಂದು ಫೋನನ್ನು ತೆಗೆದುಕೊಳ್ಳುತ್ತೇನೆ. ಅದು ಮೊಟರೋಲಾ ಕಂಪನಿಯ ಮೊದಲನೆಯ ‘ಮೋಟೋ ಜಿ’. 2013ರ ನವೆಂಬರ್ 13ರಂದು ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಅಮೆರಿಕದಲ್ಲಿ ಅದರ ಬೆಲೆ 179 ಡಾಲರ್. 2014ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ 8 ಜಿಬಿಯದಕ್ಕೆ 12,499 ರೂಪಾಯಿ, 16 ಜಿಬಿಯದಕ್ಕೆ 13,999 ರೂಪಾಯಿ. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುವ ಜಾಲತಾಣವಾಗಿ ಆರಂಭಗೊಂಡ ಫ್ಲಿಪ್‌ಕಾರ್ಟ್ ಅದರ ಏಕಮಾತ್ರ ಮಾರಾಟಗಾರ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡದೆ, ಕೈಯಲ್ಲಿ ಹಿಡಿದು ತೂಗದೆ, ಕೇವಲ ಓದಿ ತಿಳಿದು ಜನ ಅದನ್ನು ತರಿಸಿಕೊಂಡರು. ವಸ್ತುವಿಮರ್ಶೆ ನಮ್ಮ ದೇಶದಲ್ಲಿ ಒಂದು ಅಗತ್ಯವಾಗಿ ತೋರಿದ್ದು ಆಗಲೇ ಎನ್ನಬಹುದು.

ಆ ಬೆಲೆಯ ಅರ್ಥ ತಿಳಿಯಬೇಕಾದರೆ ಅಕ್ಕಪಕ್ಕದ ಬೆಲೆಗಳನ್ನು ನೋಡಬೇಕು. ಅದೇ 2013ರಲ್ಲಿ ಭಾರತಕ್ಕೆ ಬಂದ ಐಫೋನ್ 5ಎಸ್ 53,500 ರೂಪಾಯಿಯಿಂದ ಆರಂಭ. ಸ್ಯಾಮ್‌ಸಂಗಿನ ಗೆಲಾಕ್ಸಿ ಎಸ್4 ಬಂದದ್ದು 41,500 ರೂಪಾಯಿಗೆ. ಇತ್ತ ಹತ್ತು ಸಾವಿರದ ಆಸುಪಾಸಿನಲ್ಲಿ ದೊರೆಯುತ್ತಿದ್ದ ಬಹಳಷ್ಟು ಫೋನುಗಳಲ್ಲಿ ಬೆರಳು ಒಂದು ಕಡೆ, ಪರದೆ ಇನ್ನೊಂದು ಕಡೆ. ಈ ಎರಡು ದಡಗಳ ನಡುವೆ ಒಂದು ಸೇತುವೆಯಂತೆ ಮೋಟೋ ಜಿ ಬಂದಿತು. ಇದರಲ್ಲಿ ಇತಿಹಾಸದ ಒಂದು ಸೊಗಸೂ ಸೇರಿಕೊಂಡಿದೆ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಫೋನಿನಿಂದ ಮೊತ್ತಮೊದಲ ಕರೆ ಮಾಡಿದ ಮಾರ್ಟಿನ್ ಕೂಪರ್ ಇದೇ ಮೊಟರೋಲಾ ಕಂಪನಿಯ ಎಂಜಿನಿಯರು. ಹತ್ತು ವರ್ಷಗಳ ತರುವಾಯ ಆ ಕಂಪನಿ ಮಾರಾಟಕ್ಕೆ ತಂದ ಫೋನಿನ ಬೆಲೆ 3,995 ಡಾಲರ್. ಸಿರಿವಂತರ ಆಟಿಕೆಯನ್ನು ನಿರ್ಮಿಸಿದ ಮನೆತನವೇ ನಾಲ್ಕು ದಶಕದ ಮೇಲೆ ಸಾಮಾನ್ಯರ ಸಾಧನವನ್ನು ರೂಪಿಸಿತು. ಅದುವರೆಗಿನ ತನ್ನ ಸ್ಮಾರ್ಟ್‌ಫೋನುಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾದದ್ದು ಇದೇ ಎಂದು ಕಂಪನಿಯೇ ಹೇಳಿಕೊಂಡಿತು.

ಈಗ ರೂಪವನ್ನು ನೋಡೋಣ. ಕೈಯಲ್ಲಿ ಹಿಡಿಯುವ ವಸ್ತುವಿನ ರೂಪವನ್ನು ಕಣ್ಣಿಗಿಂತ ಮೊದಲು ಅಂಗೈ ನಿರ್ಣಯಿಸಬೇಕು. ಕುಡುಗೋಲಿನ ಹಿಡಿಯನ್ನು ಮಾಡುವ ಬಡಗಿಗೆ ಈ ಮಾತು ಗೊತ್ತು. ಈಳಿಗೆಮಣೆಯನ್ನು ಮಾಡುವವನಿಗೂ ಗೊತ್ತು. ಮೋಟೋ ಜಿಯ ಬೆನ್ನು ಅಂಗೈಯ ಗುಳಿಗೆ ಒಪ್ಪುವಂತೆ ಉಬ್ಬಿತ್ತು. ನಡುವೆ 11.6 ಮಿಲಿಮೀಟರ್ ದಪ್ಪ. ಅಂಚಿಗೆ ಬರುವಷ್ಟರಲ್ಲಿ ಅದರ ಅರ್ಧದಷ್ಟು. ತೂಕ 143 ಗ್ರಾಂ. ಆ ಕಾಲದ ಇತರ ಕಂಪನಿಗಳು ತೆಳ್ಳಗೆ, ಇನ್ನೂ ತೆಳ್ಳಗೆ ಎಂದು ಪೈಪೋಟಿ ನಡೆಸುತ್ತಿದ್ದಾಗ ಇದು ನಾಚಿಕೆಯಿಲ್ಲದೆ ದಪ್ಪಗಿತ್ತು. ಆ ದಪ್ಪದಲ್ಲಿ ಬ್ಯಾಟರಿಗೆ ಜಾಗ ಸಿಕ್ಕಿತು, ಕೈಗೆ ಹಿಡಿತ ಸಿಕ್ಕಿತು. ಬೆನ್ನಿನ ಹೊದಿಕೆ ಪ್ಲಾಸ್ಟಿಕ್ಕಿನದು. ಅದನ್ನು ಕಳಚಿ ಬೇರೆ ಬಣ್ಣದ್ದನ್ನು ತೊಡಿಸಬಹುದಾಗಿತ್ತು. ನಮ್ಮ ಮನೆಗೆ ಬಂದ ಮೋಟೋ ಜಿಗೆ ನನ್ನ ತಮ್ಮನ ಮಗಳು ಹಳದಿಯ ಅಂಗಿ ತೊಡಿಸಿದ್ದಳು. ಬೈಠಕ್‌ಖಾನೆಯ ಮೇಜಿನ ಮೇಲೆ ಅದು ಮಾವಿನಹಣ್ಣಿನಂತೆ ಕಾಣುತ್ತಿತ್ತು.

ಇದರ ಪಕ್ಕದಲ್ಲಿ ಇಂದಿನ ರೂಪದ ರೂಢಿಯನ್ನಿಟ್ಟು ನೋಡಿ. ಹಿಂದೆ ಗಾಜು, ಮುಂದೆ ಗಾಜು. ಬಿದ್ದರೆ ಒಡೆಯುತ್ತದೆಂದು ಅದಕ್ಕೆ ಮುನ್ನೂರು ರೂಪಾಯಿಯ ರಬ್ಬರಿನ ಕವಚ. ಗಾಜಿನ ಹೊಳಪಿಗೆಂದು ಹಣ ಕೊಟ್ಟದ್ದು ನಾವೇ, ಆ ಹೊಳಪನ್ನು ರಬ್ಬರಿನಲ್ಲಿ ಮುಚ್ಚುವುದೂ ನಾವೇ. ಸೋಫಾದ ಮಖಮಲ್ಲು ಮಾಸೀತೆಂದು ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ ವರ್ಷವೆಲ್ಲ ಬೆಡ್‌ಶೀಟಿನ ಮೇಲೆಯೇ ಕುಳಿತುಕೊಳ್ಳುವ ಮನೆಗಳು ಇಲ್ಲವೆ, ಹಾಗೆ. ನಡುಬೆಲೆಯ ಫೋನಿಗೆ ಪ್ಲಾಸ್ಟಿಕ್ಕಿನ ಬೆನ್ನು ಅವಮಾನವಲ್ಲ. ಬಿದ್ದರೆ ಬಗ್ಗುತ್ತದೆ, ಬಿರಿಯುವುದಿಲ್ಲ. ಉಳಿದ ಹಣವನ್ನು ಮುಂದಿನ ಗಾಜಿನ ಗಟ್ಟಿತನಕ್ಕೆ ವ್ಯಯಿಸಿದರೆ ಅದೇ ಔಚಿತ್ಯ. ಮೋಟೋ ಜಿಯಲ್ಲಿ ಮಾಡಿದ್ದೂ ಅದನ್ನೇ. ಅಂದಿನ ದುಬಾರಿ ಫೋನುಗಳಿಗೆ ಹಾಕುತ್ತಿದ್ದ ಗೊರಿಲ್ಲಾ ಗಾಜಿನ ಮೂರನೆಯ ಪೀಳಿಗೆಯನ್ನು ಇದಕ್ಕೂ ಹಾಕಿದ್ದರು.

ಆದರೆ ರೂಪದಲ್ಲಿ ಒಂದು ವಿಚಿತ್ರವಾದ ಲೋಪವೂ ಇತ್ತು. ಬೆನ್ನಿನ ಹೊದಿಕೆಯನ್ನು ಕಳಚಬಹುದಾದರೂ ಒಳಗಿನ ಬ್ಯಾಟರಿಯನ್ನು ಕಳಚುವಂತಿರಲಿಲ್ಲ. ಹೆಚ್ಚುವರಿ ಸ್ಮರಣೆಯ ಕಾರ್ಡಿಗೂ ಅಲ್ಲಿ ಜಾಗವಿರಲಿಲ್ಲ. ಬಾಗಿಲು ತೆರೆದರೆ ಎದುರಿಗೆ ಗೋಡೆ. ಅಂಗಿ ಬದಲಾಯಿಸುವ ಸ್ವಾತಂತ್ರ್ಯ ಕೊಟ್ಟು, ಆಯುಸ್ಸು ಹೆಚ್ಚಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಡದೆ ಹೋದರು. ಈ ಲೋಪದ ಫಲವೇನೆಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಶಕ್ತಿ. ಫೋನಿನ ಶಕ್ತಿಯನ್ನು ತಿಳಿಯಲು ನಮ್ಮ ಅಡುಗೆಮನೆಗೆ ಹೋಗೋಣ. ಪ್ರೊಸೆಸರ್ ಎಂಬುದು ಅಡುಗೆಯವನು. ರ‍್ಯಾಮ್ ಎಂಬುದು ಒಲೆಯ ಪಕ್ಕದ ಕಟ್ಟೆ. ಹೆಚ್ಚಿದ ತರಕಾರಿ, ರುಬ್ಬಿದ ಮಸಾಲೆ, ನೆನೆಸಿದ ಬೇಳೆ ಕೈಗೆ ನಿಲುಕುವಂತೆ ಇರುವುದು ಅಲ್ಲಿ. ಸಂಗ್ರಹವೆಂಬುದು ಉಗ್ರಾಣ. ಅಡುಗೆಯವನು ಎಷ್ಟೇ ಚುರುಕಾಗಿದ್ದರೂ ಕಟ್ಟೆ ಚಿಕ್ಕದಾದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ಮೋಟೋ ಜಿಯಲ್ಲಿ ಇದ್ದದ್ದು ಕ್ವಾಲ್ಕಾಮ್ ಕಂಪನಿಯ ಸ್ನ್ಯಾಪ್‌ಡ್ರ್ಯಾಗನ್ 400. ಅದರಲ್ಲಿ ನಾಲ್ಕು ತಿರುಳುಗಳು. ಒಂದೊಂದೂ ಸೆಕೆಂಡಿಗೆ 120 ಕೋಟಿ ಬಾರಿ ತಾಳ ಹಾಕುವಂಥದು. ಕೇಳುವುದಕ್ಕೆ ಭಾರಿ ಸಂಖ್ಯೆಯಾದರೂ ಅಂದಿನ ದುಬಾರಿ ಚಿಪ್ಪುಗಳ ಮುಂದೆ ಅದು ಸಾಧಾರಣವೇ. ಕಟ್ಟೆ, ಅಂದರೆ ರ‍್ಯಾಮು, ಕೇವಲ 1 ಜಿಬಿ. ಹಾಗಿದ್ದರೂ ಫೋನು ಸರಾಗವಾಗಿ ಓಡುತ್ತಿತ್ತು. ಅದು ಹೇಗೆ?

ಇದರ ಗುಟ್ಟು ಎರಡು. ಮೊದಲನೆಯದಾಗಿ, ಅಡುಗೆಯವನ ಮೇಲೆ ಅನಗತ್ಯವಾದ ಭಾರ ಹೊರಿಸಲಿಲ್ಲ. ಗೂಗಲ್ ರೂಪಿಸಿದ ಆಂಡ್ರಾಯ್ಡ್ ತಂತ್ರಾಂಶವನ್ನು ಹೆಚ್ಚು ಬದಲಿಸದೆ, ತಮ್ಮದೇ ಅಲಂಕಾರಗಳನ್ನು ತುರುಕದೆ, ಇದ್ದಂತೆಯೇ ಇಟ್ಟರು. ಎರಡನೆಯದಾಗಿ, ಪರದೆಯ ಆಯ್ಕೆಯಲ್ಲಿ ಸಂಯಮ ತೋರಿಸಿದರು. ಪರದೆಯ ಕರ್ಣ 4.5 ಅಂಗುಲ, ಅದರಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 1,280 ಚುಕ್ಕೆಗಳು, ಒಟ್ಟು ಒಂಬತ್ತು ಲಕ್ಷಕ್ಕೂ ಮಿಗಿಲು. ಅಂದಿನ ದುಬಾರಿ ಫೋನುಗಳ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿದ್ದುವು. ಆದರೆ ಇಷ್ಟು ಚಿಕ್ಕ ಪರದೆಯಲ್ಲಿ ಅಂಗುಲಕ್ಕೆ 320ಕ್ಕಿಂತ ಹೆಚ್ಚು ಚುಕ್ಕೆಗಳು ಬಂದಮೇಲೆ, ಸಾಮಾನ್ಯ ದೂರದಲ್ಲಿ ಹಿಡಿದು ಓದುವ ಕಣ್ಣಿಗೆ ಅವು ಬಿಡಿಬಿಡಿಯಾಗಿ ತೋರುವುದಿಲ್ಲ. ಕಣ್ಣಿಗೆ ಕಾಣದ ಚುಕ್ಕೆಗಳನ್ನು ಚಿತ್ರಿಸುವ ದುಡಿಮೆಯಿಂದ ಚಿಪ್ಪನ್ನು ಬಿಡುಗಡೆ ಮಾಡಿದಂತಾಯಿತು. 2,070 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಸಂಜೆಯವರೆಗೆ ಬಾಳಿತು. ಬಡತನವನ್ನು ಮುಚ್ಚಿಡುವುದು ಬೇರೆ, ಇದ್ದುದರಲ್ಲಿ ಅಚ್ಚುಕಟ್ಟಾಗಿ ಬದುಕುವುದು ಬೇರೆ. ಇದು ಎರಡನೆಯ ಬಗೆಯದು.

ಶಕ್ತಿಯನ್ನು ಅಳೆಯಲು ಇಂದು ‘ಬೆಂಚ್‌ಮಾರ್ಕ್’ ಎಂಬ ಅಂಕಪರೀಕ್ಷೆಗಳಿವೆ. ಅವಕ್ಕೆ ಅವುಗಳದೇ ಬೆಲೆ ಉಂಟು. ಆದರೆ ಪೂರ್ತಿ ನಂಬಿಕೆ ಸಲ್ಲದು. ಪರೀಕ್ಷೆಯ ತಂತ್ರಾಂಶ ಓಡುತ್ತಿರುವುದನ್ನು ಗುರುತಿಸಿ, ಆ ಹೊತ್ತಿಗೆ ಮಾತ್ರ ವೇಗ ಹೆಚ್ಚಿಸಿಕೊಳ್ಳುವ ಫೋನುಗಳು 2013ರಲ್ಲಿಯೇ ಸಿಕ್ಕಿಬಿದ್ದುವು. ಶಾಲಾ ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಮಗ್ಗಿಯನ್ನು ಗಟ್ಟಿಯಾಗಿ ಒಪ್ಪಿಸುವ ತರಗತಿಯಂತೆ! ಫೋನಿನ ನಿಜವಾದ ಪರೀಕ್ಷೆ ಬೇರೆಯದು. ಬಸ್ಸಿನಲ್ಲಿ ನಿಂತು, ಒಂದೇ ಕೈಯಲ್ಲಿ, ಕಂಡಕ್ಟರು ಕಾಯುತ್ತಿರುವಾಗ ಹಣ ಪಾವತಿಯ ಆ್ಯಪ್ ಎಷ್ಟು ಬೇಗ ತೆರೆಯುತ್ತದೆ ಎಂಬುದು. ಇಂದಿನ ನಡುಬೆಲೆಯ ಫೋನುಗಳ ಪರದೆ ಸೆಕೆಂಡಿಗೆ 120 ಬಾರಿ ಹೊಸದಾಗಿ ಮೂಡುತ್ತದೆಂದು ಹೊಗಳುತ್ತಾರೆ. ನಾವು ಚಿತ್ರಮಂದಿರದಲ್ಲಿ ನೋಡಿ ಮೈಮರೆತ ಸಿನಿಮಾಗಳೆಲ್ಲ ಸೆಕೆಂಡಿಗೆ 24 ಚಿತ್ರಗಳವು. ಪುಟ ಸರಿಸುವಾಗ 120ರ ನುಣುಪು ಹಿತವಾಗುತ್ತದೆ, ನಿಜ; ಆದರೆ ಅದು ಊಟದ ಕೊನೆಯ ತಾಂಬೂಲ, ಅನ್ನವಲ್ಲ.

ಕ್ಯಾಮೆರಾದ ಮಾತು ಹೇಳದಿದ್ದರೆ ಈ ವಿಮರ್ಶೆ ಅರ್ಧವಾದೀತು. ಮೋಟೋ ಜಿಯ ಬಡತನ ಕಂಡದ್ದು ಇಲ್ಲಿಯೇ. ಅದರದು 5 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ. ಹಗಲು ಬೆಳಕಿನಲ್ಲಿ ಪರವಾಗಿಲ್ಲ, ಸಂಜೆಯಾದರೆ ಮಂಕು. ಆದರೆ ಮೆಗಾಪಿಕ್ಸೆಲ್ಲು ಹೆಚ್ಚಾದರೆ ಚಿತ್ರ ಚೆನ್ನಾಗುತ್ತದೆಂಬ ನಂಬಿಕೆಯೂ ಪೊಳ್ಳು. ಬೆಳಕು ಎಂಬುದು ಮಳೆಯ ಹಾಗೆ. ಅಂಗಳದಲ್ಲಿ ಮಳೆನೀರು ಹಿಡಿಯಬೇಕಾದರೆ ಬೇಕಾದದ್ದು ಬಾಯಗಲದ ಕೊಳಗ. ಅಷ್ಟೇ ಜಾಗದಲ್ಲಿ ಐವತ್ತು ಚಿಕ್ಕ ಲೋಟಗಳನ್ನು ಜೋಡಿಸಿಟ್ಟ ಮಾತ್ರಕ್ಕೆ ಬೀಳುವ ನೀರು ಹೆಚ್ಚಾಗದು. ಇಂದಿನ 50 ಮೆಗಾಪಿಕ್ಸೆಲ್ ಕ್ಯಾಮೆರಾಗಳು ಸಾಮಾನ್ಯವಾಗಿ ನಾಲ್ಕು ನಾಲ್ಕು ಚುಕ್ಕೆಗಳನ್ನು ಕೂಡಿಸಿ ಒಂದಾಗಿ ಮಾಡಿ, ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆ. ಮುಖ್ಯವಾದದ್ದು ಸಂವೇದಕದ ವಿಸ್ತಾರ, ಮಸೂರದ ಗುಣ, ಕೈ ನಡುಗಿದರೆ ತಡೆದುಕೊಳ್ಳುವ ಉಪಾಯ. ಬೆನ್ನಿನ ಮೇಲೆ ಮೂರು ಕಣ್ಣು ಕಾಣಲೆಂದು 2 ಮೆಗಾಪಿಕ್ಸೆಲ್ಲಿನ ಒಂದು ಕಣ್ಣನ್ನು ಅಂಟಿಸಿದ ಫೋನುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅದು ದೃಷ್ಟಿಬೊಂಬೆಯ ಕಣ್ಣು. ನೋಡಿಸಿಕೊಳ್ಳುವುದಕ್ಕೆ ಮಾತ್ರ, ನೋಡುವುದಕ್ಕಲ್ಲ.

ಇನ್ನು ಕನ್ನಡಿಗರಾದ ನಾವು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಈ ಯಂತ್ರಕ್ಕೆ ನಮ್ಮ ಅಕ್ಷರ ಬರುತ್ತದೆಯೆ? ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಸೇರಿತ್ತು. ಆದರೂ ಎರಡು ದಶಕ ಕಳೆದರೂ ಅನೇಕ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರಿಯ ಚೌಕಗಳ ಸಾಲು ಮೂಡುತ್ತಿತ್ತು. ಮೂಡಿದರೂ ಒತ್ತಕ್ಷರ ಕಾಲು ಜಾರಿ ಪಕ್ಕದಲ್ಲಿ ಬಿದ್ದಿರುತ್ತಿತ್ತು. ನಮ್ಮ ಲಿಪಿಯಲ್ಲಿ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಸಾಲದು. ಒಂದರ ಕೆಳಗೆ ಒಂದು ಕೂಡಿಕೊಂಡು ಹೊಸ ಆಕಾರ ತಳೆಯಬೇಕು. ಆ ಕೂಡಿಕೆಯನ್ನು ಯಂತ್ರಕ್ಕೆ ಕಲಿಸಬೇಕು. 2012ರಲ್ಲಿ ಬಂದ ಆಂಡ್ರಾಯ್ಡಿನ 4.1ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಆಸರೆ ಸೇರಿತು. ಅದರ ತರುವಾಯ ಬಂದ ಮೋಟೋ ಜಿಗೆ ಈ ಭಾಗ್ಯ ಹುಟ್ಟಿನಿಂದಲೇ ದೊರೆಯಿತು. ಹಳ್ಳಿಯಲ್ಲಿದ್ದ ನನ್ನ ಸೋದರತ್ತೆ ಕನ್ನಡದ ಸಂದೇಶವನ್ನು ತಾವೇ ಓದಿ, ತಾವೇ ಉತ್ತರ ಬರೆದದ್ದು ಈ ಬೆಲೆಯ ಫೋನುಗಳು ಬಂದ ಮೇಲೆಯೇ. ಅದಕ್ಕೆ ಮೊದಲು ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಬೇಕಾಗಿತ್ತು. ಮನೆಯ ಗುಟ್ಟು ಬೀದಿಯ ಪಾಲಾಗುತ್ತಿತ್ತು. ಇಂದು ಕೂಡ ನಾನು ಅಂಗಡಿಯಲ್ಲಿ ಹೊಸ ಫೋನು ಹಿಡಿದರೆ ಮೊದಲು ಬರೆದು ನೋಡುವ ಪದ ‘ಸ್ವಾತಂತ್ರ್ಯ’. ಅದರ ಕೊನೆಯ ಸಂಯುಕ್ತಾಕ್ಷರ ಸರಿಯಾಗಿ ಮೂಡಿದರೆ ಆ ಫೋನಿಗೆ ಅಕ್ಷರಾಭ್ಯಾಸವಾಗಿದೆ ಎಂದು ತಿಳಿಯುತ್ತೇನೆ.

ಬಾನುಲಿಯಲ್ಲಿ ಕುಳಿತು ಮಾತನಾಡುತ್ತಿರುವುದರಿಂದ ಇನ್ನೊಂದು ಮಾತನ್ನೂ ಹೇಳಬೇಕು. ಮೋಟೋ ಜಿಯಲ್ಲಿ ಎಫ್ಎಂ ರೇಡಿಯೋ ಇತ್ತು. ಕಿವಿಗೆ ಹಾಕಿಕೊಳ್ಳುವ ತಂತಿಯೇ ಅದಕ್ಕೆ ಏರಿಯಲ್. ಇಂಟರ್ನೆಟ್ಟಿನ ಹಂಗಿಲ್ಲದೆ, ಒಂದು ಪೈಸೆಯ ಖರ್ಚಿಲ್ಲದೆ ಕೇಳಬಹುದಾದ ಈ ಸೌಲಭ್ಯವನ್ನು ಮುಂದೆ ಎಷ್ಟೋ ಫೋನುಗಳಲ್ಲಿ ಕೈಬಿಟ್ಟರು. ಒಳಗೆ ಸೌಲಭ್ಯವಿದ್ದರೂ ಅದನ್ನು ಮುಚ್ಚಿಟ್ಟು ಮಾರಿದ ನಿದರ್ಶನಗಳಿವೆ. ಪ್ರವಾಹ, ಚಂಡಮಾರುತಗಳ ಕಾಲದಲ್ಲಿ ಮೊಬೈಲ್ ಗೋಪುರಗಳು ಮೌನವಾದಾಗ ರೇಡಿಯೋ ಒಂದೇ ಗತಿಯಾಗುತ್ತದೆಂದು ಮನಗಂಡು, ಎಫ್ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆ ನೀಡಿತು. ಹೊಸದನ್ನು ಸೇರಿಸುವುದೊಂದೇ ಪ್ರಗತಿಯಲ್ಲ. ಇದ್ದ ಒಳ್ಳೆಯದನ್ನು ಕಳೆಯದಿರುವುದೂ ಪ್ರಗತಿ.

ಈಗ ಮೂರನೆಯದಕ್ಕೆ, ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರುತ್ತೇನೆ. ಅದು ಮೌಲ್ಯ. ಬೆಲೆ ಬೇರೆ, ಮೌಲ್ಯ ಬೇರೆ. ಬೆಲೆಯನ್ನು ಕೊಳ್ಳುವ ದಿನ ಒಮ್ಮೆ ತೆರುತ್ತೇವೆ. ಮೌಲ್ಯವನ್ನು ಬಾಳಿಕೆಯುದ್ದಕ್ಕೂ ಪಡೆಯುತ್ತೇವೆ.

ನಮ್ಮ ಬೀದಿಯಲ್ಲಿ ಒಬ್ಬ ದರ್ಜಿ ಇದ್ದಾರೆ. 2020ರಲ್ಲಿ ಶಾಲೆಗಳು ಮುಚ್ಚಿ, ಪಾಠವೆಲ್ಲ ಫೋನಿನ ಮೂಲಕ ನಡೆಯತೊಡಗಿದಾಗ, ಮಗಳ ಪಾಠಕ್ಕೆಂದು ತಮ್ಮ ಎರಡು ತಿಂಗಳ ಉಳಿತಾಯ ಹಾಕಿ ಒಂದು ಫೋನು ಕೊಂಡರು. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಮಗಳ ಪಾಠ ಮುಗಿದ ಮೇಲೆ ಅದು ಅವರ ಅಂಗಡಿಗೆ ಬಂತು. ಗಿರಾಕಿಗಳ ಹಣ ಅದರ ಮೂಲಕವೇ ಸಂದಾಯವಾಗುತ್ತಿತ್ತು. ನಾಲ್ಕನೆಯ ವರ್ಷ ಒಂದು ದಿನ ಬಂದು, “ಮೇಷ್ಟ್ರೇ, ಸ್ವಲ್ಪ ನೋಡಿ. ಫೋನು ಚೆನ್ನಾಗೇ ಇದೆ, ಗಾಜು ಒಡೆದಿಲ್ಲ, ಮಾತು ಕೇಳಿಸುತ್ತೆ. ಬ್ಯಾಂಕಿನದು ಮಾತ್ರ ತೆರೆಯೋಲ್ಲ ಅಂತಿದೆ” ಎಂದರು. ನೋಡಿದೆ. ಆ ಫೋನಿಗೆ ತಂತ್ರಾಂಶದ ಪರಿಷ್ಕರಣೆ ಬರುವುದು ನಿಂತು ಬಹಳ ಕಾಲವಾಗಿತ್ತು. ಭದ್ರತೆಯ ದೃಷ್ಟಿಯಿಂದ ಬ್ಯಾಂಕಿನ ಆ್ಯಪ್ ಅದನ್ನು ಒಲ್ಲೆನೆಂದಿತು. ಬ್ಯಾಟರಿಯೂ ಸೋತಿತ್ತು, ಅದನ್ನು ಬದಲಿಸಿಕೊಡಿರೆಂದು ಸೇವಾಕೇಂದ್ರಕ್ಕೆ ಹೋದರೆ, “ಇದಕ್ಕೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಳ್ಳಿ” ಎಂದು ಕಳಿಸಿದರು. ದರ್ಜಿ ನನ್ನನ್ನು ಕೇಳಿದ ಪ್ರಶ್ನೆ ಇದು: “ನನ್ನ ಹೊಲಿಗೆಯಂತ್ರ ನಮ್ಮಪ್ಪನ ಕಾಲದ್ದು ಮೇಷ್ಟ್ರೇ. ಎಣ್ಣೆ ಬಿಟ್ಟರೆ ಓಡುತ್ತೆ. ಇದಕ್ಕೆ ಎಲ್ಲಿ ಎಣ್ಣೆ ಬಿಡಬೇಕು, ಹೇಳಿ?”

ಈ ಪ್ರಶ್ನೆಯಲ್ಲಿ ಇಡೀ ಮೌಲ್ಯಮೀಮಾಂಸೆ ಅಡಗಿದೆ. ಫೋನಿನ ದೇಹ ಬಾಳುತ್ತದೆ. ಅದರ ವಿದ್ಯೆ ಹಳತಾಗುತ್ತದೆ. ಕೈಕಾಲು ಗಟ್ಟಿಯಿರುವ ಮನುಷ್ಯನನ್ನು ಊರ ಹೊರಗೆ ನಿಲ್ಲಿಸಿದಂತೆ, ಕೆಲಸ ಮಾಡಬಲ್ಲ ಯಂತ್ರವನ್ನು ವ್ಯವಹಾರದ ಹೊರಗೆ ನಿಲ್ಲಿಸಲಾಗುತ್ತದೆ. ಮೋಟೋ ಜಿಯ ಕಥೆಯೂ ಹೀಗೆಯೇ ಮುಗಿಯಿತು. ಹುಟ್ಟಿದಾಗ ಅದರಲ್ಲಿದ್ದದ್ದು ಆಂಡ್ರಾಯ್ಡಿನ 4.3ನೆಯ ಆವೃತ್ತಿ. ಬೇಗನೆ 4.4, ಅಂದರೆ ಕಿಟ್‌ಕ್ಯಾಟ್ ಬಂತು. ಆಮೇಲೆ 5, ಅಂದರೆ ಲಾಲಿಪಾಪ್ ಬಂತು. ಆ ಬೆಲೆಯ ಫೋನಿಗೆ ಅಂದು ಇದೇ ಒಂದು ಔದಾರ್ಯ. ಆದರೆ ಆರನೆಯ ಆವೃತ್ತಿ ಅದಕ್ಕೆ ದೊರೆಯಲಿಲ್ಲ. ಈ ನಡುವೆ ಕಂಪನಿಯ ಒಡೆತನವೇ ಬದಲಾಯಿತು. ಗೂಗಲ್ 2012ರಲ್ಲಿ ಕೊಂಡಿದ್ದ ಮೊಟರೋಲಾ ಮೊಬಿಲಿಟಿಯನ್ನು 2014ರಲ್ಲಿ ಚೀನದ ಲೆನೊವೊ ಕೊಂಡಿತು. ಮನೆ ಕೈಬದಲಾದರೂ ಒಳಗಿನ ಬಾಡಿಗೆದಾರನಿಗೆ ಛಾವಣಿಯ ಚಿಂತೆ ತಪ್ಪಿದ್ದಲ್ಲವಷ್ಟೆ. ಇತ್ತ 8 ಜಿಬಿಯ ಉಗ್ರಾಣದಲ್ಲಿ ಬಳಕೆಗೆ ಸಿಗುತ್ತಿದ್ದದ್ದು ಐದು ಜಿಬಿಯ ಸುಮಾರು. ಆ್ಯಪ್‌ಗಳು ಬೆಳೆಯುತ್ತ ಹೋದಂತೆ ಅದು ತುಂಬಿ ತುಳುಕಿತು. ಕಾರ್ಡಿಗೆ ಜಾಗವಿರಲಿಲ್ಲ, ಬ್ಯಾಟರಿ ಬದಲಿಸುವ ಬಾಗಿಲಿರಲಿಲ್ಲ. ಹಿಂದೆ ಹೇಳಿದ ಲೋಪದ ಫಲ ಇದೇ. 2014ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ಮೋಟೋ ಜಿಯಲ್ಲಿ ಕಾರ್ಡಿಗೆ ಜಾಗ ಮಾಡಿಕೊಟ್ಟರು. ವಿಮರ್ಶಕರು ತೋರಿಸಿದ್ದ ಕೊರತೆಗೆ ಅದು ಉತ್ತರದಂತಿತ್ತು.

ಒಂದು ಲೆಕ್ಕ ಮಾಡೋಣ. 12,499 ರೂಪಾಯಿಯ ಆ ಫೋನಿಗೆ ಹೊಸ ತಂತ್ರಾಂಶದ ಆಸರೆ ದೊರೆತದ್ದು ಸುಮಾರು ಎರಡು ವರ್ಷ. ತಿಂಗಳಿಗೆ ಐನೂರ ಇಪ್ಪತ್ತು ರೂಪಾಯಿಯಾಯಿತು. 2024ರ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗಿನ ಗೆಲಾಕ್ಸಿ ಎ16 5ಜಿ ಎಂಬ ಫೋನು ನಮ್ಮ ದೇಶಕ್ಕೆ 18,999 ರೂಪಾಯಿಯಿಂದ ಬಂದಾಗ, ಆರು ವರ್ಷಗಳ ಭದ್ರತಾ ಪರಿಷ್ಕರಣೆಯ ಭರವಸೆ ಜೊತೆಗಿತ್ತು. ಎಪ್ಪತ್ತೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಇನ್ನೂರ ಅರವತ್ತನಾಲ್ಕು ರೂಪಾಯಿ. ಬೆಲೆ ಸುಮಾರು ಒಂದೂವರೆ ಪಟ್ಟು. ಬಾಳಿಕೆಯ ಲೆಕ್ಕದಲ್ಲಿ ಖರ್ಚು ಅರ್ಧ. ಈ ಹೋಲಿಕೆಯಿಂದ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವ ಉದ್ದೇಶ ನನಗಿಲ್ಲ; ಅಂದಿನ ಕಾಲವೇ ಬೇರೆ. ಭರವಸೆಯೂ ಭರವಸೆಯಷ್ಟೆ, ಅದು ನೆರವೇರಿತೇ ಇಲ್ಲವೇ ಎಂಬುದನ್ನು 2030ರಲ್ಲಿ ನೋಡಬೇಕು. ಆರನೆಯ ವರ್ಷದ ತಂತ್ರಾಂಶವನ್ನು ಮೊದಲ ವರ್ಷದ ಚಿಪ್ಪು ಎಷ್ಟು ಸಲೀಸಾಗಿ ಹೊರುತ್ತದೆ ಎಂಬ ಸಂದೇಹವೂ ನ್ಯಾಯವಾದದ್ದೇ. ಆದರೆ ನಡುಬೆಲೆಯ ಫೋನಿಗೂ ಆಯುಸ್ಸಿನ ಪ್ರಮಾಣಪತ್ರ ಬೇಕೆಂಬ ಮಾತು ಅಂಗೀಕಾರವಾಯಿತಲ್ಲ, ಅದು ದೊಡ್ಡದು.

ದರ್ಜಿಯ ಪ್ರಶ್ನೆ ಅವರೊಬ್ಬರದೇ ಅಲ್ಲ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಜಾರಿಗೆ ಬಂದಿದೆ. ಅಲ್ಲಿ ಮಾರುವ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಬಾರಿ ತುಂಬಿ ಬರಿದಾದ ಮೇಲೂ ತನ್ನ ಮೊದಲ ಶಕ್ತಿಯ ನೂರಕ್ಕೆ ಎಂಬತ್ತರಷ್ಟನ್ನು ಉಳಿಸಿಕೊಂಡಿರಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ತಂತ್ರಾಂಶದ ಪರಿಷ್ಕರಣೆ, ಏಳು ವರ್ಷ ಬಿಡಿಭಾಗ ದೊರೆಯುವಂತಿರಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ಆರಂಭಿಸಿತು. ವಸ್ತುವನ್ನು ದುರಸ್ತು ಮಾಡಿಸಿ ಬಳಸುವುದು ಹೊಸ ಆದರ್ಶವೆಂಬಂತೆ ಇಂದು ಲೋಕ ಮಾತನಾಡುತ್ತಿದೆ. ನಮ್ಮಲ್ಲಿ ಕೊಡೆ ರಿಪೇರಿಯವನು, ಪಾತ್ರೆಗೆ ಕಲಾಯಿ ಹಾಕುವವನು, ಗಡಿಯಾರ ಬಿಚ್ಚಿ ಜೋಡಿಸುವವನು ಬೀದಿಬೀದಿಯಲ್ಲಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅಂದು ಅದಕ್ಕೆ ಹಕ್ಕು ಎಂಬ ಹೆಸರಿರಲಿಲ್ಲ, ಏಕೆಂದರೆ ಅದನ್ನು ಯಾರೂ ಕಸಿದುಕೊಂಡಿರಲಿಲ್ಲ.

ಹಾಗಾದರೆ ಅಂಗಡಿಗೆ ಹೋದವರು ಏನನ್ನು ನೋಡಬೇಕು? ಕೈಗೆತ್ತಿಕೊಂಡು ಹೆಬ್ಬೆರಳು ಪರದೆಯ ಮೇಲ್ತುದಿಗೆ ನಿಲುಕುತ್ತದೆಯೇ ಎಂದು ನೋಡಿ. ನಿಲುಕದಿದ್ದರೆ ಬಸ್ಸಿನಲ್ಲಿ ಅದು ಒಂದು ದಿನ ಕೈಜಾರಿಯೇ ತೀರುತ್ತದೆ. ಕ್ಯಾಮೆರಾವನ್ನು ಅಂಗಡಿಯ ಝಗಝಗಿಸುವ ದೀಪದಲ್ಲಿ ಪರೀಕ್ಷಿಸದೆ, ಮೇಜಿನ ಕೆಳಗಿನ ಮಬ್ಬಿನಲ್ಲಿ ಪರೀಕ್ಷಿಸಿ. ಹತ್ತು ಆ್ಯಪ್‌ಗಳನ್ನು ಒಂದರಮೇಲೊಂದು ತೆರೆದು, ಮೊದಲನೆಯದಕ್ಕೆ ಹಿಂತಿರುಗಿ. ಅದು ಇದ್ದಲ್ಲಿಯೇ ಇದ್ದರೆ ಕಟ್ಟೆ ಸಾಕಷ್ಟು ಅಗಲವಿದೆ. ಕನ್ನಡದಲ್ಲಿ ಒಂದು ವಾಕ್ಯ ಬರೆದು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅಕ್ಷರವನ್ನು ದೊಡ್ಡದು ಮಾಡಿದಾಗ ಪುಟ ಕೆಡುವುದೇ ಎಂದು ನೋಡಿ. ಕೊನೆಯಲ್ಲಿ, ಅಂಗಡಿಯ ಹುಡುಗನನ್ನು ಮೂರು ಪ್ರಶ್ನೆ ಕೇಳಿ. ತಂತ್ರಾಂಶದ ಆಸರೆ ಯಾವ ವರ್ಷದವರೆಗೆ? ಬ್ಯಾಟರಿ ಬದಲಿಸಲು ಎಷ್ಟು ಖರ್ಚು? ಆ ಸೇವಾಕೇಂದ್ರ ನಮ್ಮ ಊರಿನಲ್ಲಿದೆಯೆ? ಅವನಿಗೆ ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ. ಹತ್ತು ಜನ ಗಿರಾಕಿಗಳು ಕೇಳಿದರೆ ಹನ್ನೊಂದನೆಯವನ ಹೊತ್ತಿಗೆ ಅವನು ತಿಳಿದುಕೊಂಡಿರುತ್ತಾನೆ. ನೂರು ಊರುಗಳಲ್ಲಿ ಕೇಳಿದರೆ ತಯಾರಕನೂ ಕೇಳಿಸಿಕೊಳ್ಳುತ್ತಾನೆ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದು ನಮ್ಮ ದೇಶದ ಮೊದಲ ಮೊಬೈಲ್ ಕರೆ. ಅಂದು ಅದು ಅಧಿಕಾರದ ಕೈಯಿಂದ ಅಧಿಕಾರದ ಕಿವಿಗೆ ಹೋದ ಮಾತು. ಇಂದು ಅದೇ ಸಾಧನ ದರ್ಜಿಯ ಗಲ್ಲಾಪೆಟ್ಟಿಗೆ, ವಿದ್ಯಾರ್ಥಿನಿಯ ಪಾಠಶಾಲೆ, ಮುದುಕಿಯ ಅಂಚೆಪೆಟ್ಟಿಗೆ. ಇಷ್ಟೆಲ್ಲ ಆಗಿಹೋದ ವಸ್ತುವನ್ನು ಶೋಕಿಯ ಸರಕೆಂದು ಎಣಿಸುವುದು ಸಲ್ಲದು. ಮನೆಯ ಮಾಡು, ಕುಡಿಯುವ ನೀರುಗಳ ವಿಷಯದಲ್ಲಿ ತೋರಿಸುವ ಎಚ್ಚರವನ್ನೇ ಇದರ ವಿಷಯದಲ್ಲೂ ತೋರಿಸಬೇಕು. ದುಬಾರಿಯ ಫೋನು ಕೆಟ್ಟರೆ ಕೊಂಡವನಿಗೆ ಬೇಸರ. ನಡುಬೆಲೆಯ ಫೋನು ಕೆಟ್ಟರೆ ಒಂದು ಸಂಸಾರದ ವ್ಯವಹಾರವೇ ನಿಲ್ಲುತ್ತದೆ. ಅದನ್ನು ಒಳ್ಳೆಯದಾಗಿ ಮಾಡುವುದು ತಯಾರಕರ ಹೊಣೆ. ಒಳ್ಳೆಯದೇ ಬೇಕೆಂದು ತಿಳಿದು ಕೇಳುವುದು ನಮ್ಮ ಹೊಣೆ.